ದ್ರಾಕ್ಷಿ ಕೊಟ್ಟ ಕೈ

ಮೊನ್ನೆ ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕೂತಿದ್ದೆ. ನನ್ನ ಓದುವ ಕನ್ನಡಕದ ಒಂದು ಕಡ್ಡಿ ಸಡಿಲವಾಗಿ, ಪಾಠ ಮಾಡುವಾಗಲೆಲ್ಲ ಮೂಗಿನಿಂದ ಜಾರಿ ಪುಸ್ತಕದ ಮೇಲೆ ಬೀಳುತ್ತಿತ್ತು. ನಮ್ಮ ಏಳನೇ ತರಗತಿಯ ಮಕ್ಕಳು ಪಾಠ ಕೇಳುವುದನ್ನು ಬಿಟ್ಟು ಅದು ಯಾವಾಗ ಬೀಳುತ್ತದೆ ಎಂದು ಕಾಯತೊಡಗಿದ ಮೇಲೆ, ಇನ್ನು ತಡ ಮಾಡಬಾರದು ಅನ್ನಿಸಿತು. ಅಂಗಡಿಯವರು "ಹತ್ತು ನಿಮಿಷ ಕೂತ್ಕೊಳ್ಳಿ ಮೇಡಂ" ಎಂದು ಒಳಗೆ ಹೋದರು. ಗೋಡೆಯ ಮೇಲೊಂದು ಟಿವಿ. ಅದರಲ್ಲಿ ಯಾವುದೋ ಧಾರಾವಾಹಿ. ಓದುವ ಕನ್ನಡಕ ಇಲ್ಲದಿದ್ದರೂ ದೂರದ್ದು ನನಗೆ ಚೆನ್ನಾಗಿಯೇ ಕಾಣುತ್ತದೆ, ಅದೇ ತೊಂದರೆ.

ಸೊಸೆ ಅಡುಗೆಮನೆಯಿಂದ ತಟ್ಟೆಯಲ್ಲಿ ಐದು ಲೋಟ ಕಾಫಿ ಇಟ್ಟುಕೊಂಡು ಹೊರಟಳು. ಬಾಗಿಲು ದಾಟಿ ಹಜಾರಕ್ಕೆ ಬರುವಷ್ಟರಲ್ಲಿ ತಟ್ಟೆಯಲ್ಲಿ ನಾಲ್ಕೇ ಲೋಟ. ಅತ್ತೆ ಬೈಯುತ್ತಿದ್ದಳು, ಸೊಸೆ ಅಳುತ್ತಿದ್ದಳು, ಹಿಂದೆ ಯಾರೋ ಪಾತ್ರೆ ಎತ್ತಿ ಹಾಕಿದ ಹಾಗೆ ಸಂಗೀತ ಬಡಿಯುತ್ತಿತ್ತು. ನನ್ನ ಬಾಯಿಂದ ಜೋರಾಗಿಯೇ ಬಂದುಬಿಟ್ಟಿತು, "ಇನ್ನೊಂದು ಲೋಟ ಎಲ್ಲೋಯ್ತು?"

ಪಕ್ಕದಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು ನನ್ನ ಕಡೆ ತಿರುಗಿದರು. "ಯಾವ ಲೋಟ?"

"ಐದಿತ್ತು. ಈಗ ನಾಲ್ಕಾಗಿದೆ."

"ಅವಳ ಗಂಡ ಆಸ್ಪತ್ರೇಲಿ ಮಲಗವ್ನೆ ಪಾಪ. ನಿಮಗೆ ಲೋಟದ ಚಿಂತೆ!" ಅಂದು ಅವರು ಸ್ವಲ್ಪ ಆಚೆ ಸರಿದು ಕೂತರು.

ಅವರ ತಪ್ಪೇನಿಲ್ಲ. ಇದು ನನಗೆ ತವರಿನಿಂದ ಬಂದ ಕಾಯಿಲೆ. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೆಳ್ಳಿಯ ಕುಂಕುಮದ ಬಟ್ಟಲನ್ನೋ ಹಿತ್ತಾಳೆಯ ಕೊಳಗವನ್ನೋ ತರುತ್ತಾರೆ. ನಾನು ತಂದದ್ದು, ಸಿನಿಮಾ ಆಗಲಿ ಧಾರಾವಾಹಿ ಆಗಲಿ, ಕಥೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡುವ ಚಾಳಿ. ಅದನ್ನು ಕೊಟ್ಟವರು ಇಬ್ಬರು: ನಮ್ಮಪ್ಪ, ಮತ್ತು ಅಮ್ಮನ ತಮ್ಮ ನಾರಾಯಣಪ್ಪ ಮಾವ.

ಅಪ್ಪ ಶಿಡ್ಲಘಟ್ಟದಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಮಾವ ದಿಬ್ಬೂರಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದ. ಗೂಡು ತಗೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುವುದು ಇದ್ದೇ ಇತ್ತು. ಗೂಡಿಲ್ಲದಿದ್ದರೆ ಭಾನುವಾರ ಸುಮ್ಮನೆ ಬರುತ್ತಿದ್ದ. ಅಮ್ಮ ಹಿತಕಿದ ಅವರೆಬೇಳೆ ಸಾರೂ ಮುದ್ದೆಯೂ ಬಡಿಸುತ್ತಿದ್ದಳು. ಉಂಡ ಮೇಲೆ ಇಬ್ಬರೂ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತರೆ, ಅಲ್ಲಿಗೆ ಸಿನಿಮಾದವರ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ.

ಅಪ್ಪನದು ಎಣಿಕೆಯ ವಿಭಾಗ. ಖಳನಾಯಕನ ಕೈಯಲ್ಲಿದ್ದ ಆರು ಗುಂಡಿನ ಪಿಸ್ತೂಲು ಹನ್ನೊಂದು ಸಲ ಹಾರಿತು ಎಂದು ಅವರು ಬೆರಳು ಮಡಿಸಿ ತೋರಿಸುತ್ತಿದ್ದರು. ತೆರೆಯ ಮೇಲೆ 'ಇಪ್ಪತ್ತು ವರ್ಷಗಳ ನಂತರ' ಎಂದು ಅಕ್ಷರ ಬಂದು, ತೊಟ್ಟಿಲಲ್ಲಿದ್ದ ಮಗು ನಲವತ್ತೈದರ ನಾಯಕನಾಗಿ ಓಡಿ ಬಂದು ಅಮ್ಮನ ಕಾಲಿಗೆ ಬಿದ್ದರೆ, ಅಪ್ಪ ಗಂಭೀರವಾಗಿ "ಇವನು ಇವಳಿಗಿಂತ ಮೂರು ವರ್ಷ ಮೊದಲು ಹುಟ್ಟಿದ್ದಾನೆ" ಅನ್ನುತ್ತಿದ್ದರು. ಮಾವನದು ವಸ್ತುಗಳ ಮತ್ತು ಪ್ರಾಣಿಗಳ ವಿಭಾಗ. ಹಾಡಿನ ಶುರುವಿನಲ್ಲಿ ಇದ್ದ ಹಸುವಿನ ಕೊಂಬು ನೆಟ್ಟಗಿತ್ತು, ಚರಣಕ್ಕೆ ಬರುವಷ್ಟರಲ್ಲಿ ಬಾಗಿದೆ. ಸಾಹುಕಾರನ ಮನೆಯ ಫೋನಿಗೆ ವೈರೇ ಇಲ್ಲ. ಬಡ ತಾಯಿ ಮೂರು ರೀಲಿನಿಂದ ಹೊಲಿಗೆ ಮಿಷನ್ ತುಳಿಯುತ್ತಿದ್ದಾಳೆ, ಸೂಜಿಯಲ್ಲಿ ದಾರ ಇಲ್ಲ. ಒಂದು ಬಂಗಲೆಯ ಮಹಡಿ ಮೆಟ್ಟಿಲನ್ನಂತೂ ಅವನು ಆರು ಸಿನಿಮಾಗಳಲ್ಲಿ ಗುರುತು ಹಿಡಿದಿದ್ದ. "ಭಾವ, ಅದೇ ಮೆಟ್ಲು! ಪಕ್ಕದ ಕಂಬಿಗೆ ಬಣ್ಣ ಹೊಡೆದವ್ರೆ ಅಷ್ಟೆ. ಇದರ ಮೇಲಿಂದ್ಲೇ ಆವತ್ತು ಆ ಮುದುಕಿ ಉರುಳಿ ಬಿದ್ದು ಸತ್ತಿದ್ದು." ಕಳೆದುಹೋದ ನೆಂಟನನ್ನು ಸಂತೆಯಲ್ಲಿ ಕಂಡಷ್ಟು ಸಂತೋಷ ಅವನ ಮುಖದಲ್ಲಿ.

ಇಬ್ಬರಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ "ಸಾಧನೆ ತೋರಿಸು" ಅನ್ನುತ್ತಿದ್ದರು, ರೇಖಾಗಣಿತದ ತರಗತಿಯಲ್ಲಿ ಅನ್ನುವ ಹಾಗೆ. ಮಾವ "ಕಾದು ಭಾವಾ, ಕಾದು" ಎಂದು ತೆಲುಗಿನಲ್ಲಿ ತಲೆ ಅಲ್ಲಾಡಿಸುತ್ತಿದ್ದ. ಕನ್ನಡದಲ್ಲಿ 'ಅಲ್ಲ' ಅಂದರೆ ಅವನಿಗೆ ಸಾಲುತ್ತಿರಲಿಲ್ಲ. ನಾನು ಆಗ ಬಿ.ಎಡ್. ಮುಗಿಸಿಕೊಂಡು ಮನೆಯಲ್ಲಿದ್ದೆ, ಜಗತ್ತಿನಲ್ಲಿ ಉಪಯುಕ್ತವಾದದ್ದು ಏನು, ಅಲ್ಲದ್ದು ಏನು ಎಂದು ನನಗೆ ಬಹಳ ಚೆನ್ನಾಗಿ ಗೊತ್ತಿದ್ದ ಕಾಲ ಅದು. "ಇದನ್ನೆಲ್ಲ ಯಾವ ಪರೀಕ್ಷೇಲಿ ಕೇಳ್ತಾರಪ್ಪ?" ಎಂದು ಮೂಗು ಮುರಿಯುತ್ತಿದ್ದೆ. ಮುರಿಯುತ್ತಲೇ ಚಾಪೆಯ ಮೂಲೆಯಲ್ಲಿ ಕೂತು ಲೋಟ, ಕೊಂಬು, ಗುಂಡುಗಳನ್ನೆಲ್ಲ ನಾನೂ ಎಣಿಸುತ್ತಿದ್ದೆ ಅನ್ನುವುದು ಬೇರೆ ಮಾತು.

ಅಂಥ ಒಂದು ಭಾನುವಾರ ಮಾವ ಎಲೆಅಡಿಕೆ ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದ, "ಭಾವ, ನಾನೂ ಒಂದು ಸಿನಿಮಾದಲ್ಲಿ ಇದ್ದೀನಿ."

ಅಪ್ಪ ಕನ್ನಡಕ ಹಣೆಗೆ ಏರಿಸಿದರು. "ಎಲ್ಲಿ, ಕೊಟ್ಟಿಗೆಯ ಸೀನಿನಲ್ಲಾ?"

ಮಾವ ನಗಲಿಲ್ಲ. ಅವನು ಹೇಳಿದ್ದು ಇಷ್ಟು. ಅವನಿಗೆ ಮೀಸೆ ಸರಿಯಾಗಿ ಮೂಡದಿದ್ದ ವಯಸ್ಸಿನಲ್ಲಿ ನಂದಿಯಲ್ಲಿ ನೆಂಟರ ದ್ರಾಕ್ಷಿ ತೋಟಕ್ಕೆ ಕೊಯ್ಲಿಗೆ ಹೋಗಿದ್ದನಂತೆ. ಆಗ ನಂದಿ ಸ್ಟೇಷನ್ನಿನಲ್ಲಿ ಸಿನಿಮಾ ತೆಗೆಯುತ್ತಿದ್ದರು. ಅವರಿಗೆ ಎರಡು ಕುಕ್ಕೆ ದ್ರಾಕ್ಷಿ ಬೇಕಾಗಿ, ಮಾವ ತಲೆಯ ಮೇಲೆ ಹೊತ್ತುಕೊಂಡು ಹೋದ. ರೈಲಿನ ಕಿಟಕಿಯಲ್ಲಿ ನಾಯಕಿ ಕೂತಿದ್ದಾಳೆ. ಕೆಳಗೆ ನಿಂತವನೊಬ್ಬ ಅವಳಿಗೆ ದ್ರಾಕ್ಷಿ ಗೊಂಚಲು ಎತ್ತಿ ಕೊಡಬೇಕು. ಬೆಂಗಳೂರಿನಿಂದ ಅದಕ್ಕೆಂದೇ ಕರೆದುಕೊಂಡು ಬಂದಿದ್ದವನಿಗೆ ನಾಯಕಿಯನ್ನು ಹತ್ತಿರದಿಂದ ನೋಡಿದ್ದೇ ಕೈ ನಡುಗತೊಡಗಿತು. ಎತ್ತಿದಾಗಲೆಲ್ಲ ಹಣ್ಣುಗಳು ಪಟಪಟ ಉದುರಿದವು. ಡೈರೆಕ್ಟರ್ ಸುತ್ತ ನೋಡಿ ಮಾವನನ್ನು ಕರೆದ. "ಏಯ್ ದ್ರಾಕ್ಷಿ, ಬಾ ಇಲ್ಲಿ. ಮುಖ ಬೇಡ, ಕೈ ಸಾಕು." ಮಾವ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕೈ ಮೇಲೆತ್ತಿದ. ನಾಯಕಿ ಗೊಂಚಲು ಇಸಕೊಂಡಳು.

"'ಹುಳೀನಾ?' ಅಂತ ಕೇಳಿದ್ಳು ಭಾವ. ನಾನು 'ಇಲ್ಲಕ್ಕಾ, ಸಿಹಿ' ಅಂದೆ. ಆಮೇಲೆ ಅದನ್ನ ಅಳಿಸಿ ಹಾಕವ್ರೆ."

"ಸಾಧನೆ?" ಅಂದರು ಅಪ್ಪ.

ಸಾಧನೆ ಎಲ್ಲಿಂದ ಬರಬೇಕು? ಆ ಸಿನಿಮಾ ನಮ್ಮ ಕಡೆ ಟಾಕೀಸುಗಳಲ್ಲಿ ಎರಡು ವಾರವೂ ಓಡಲಿಲ್ಲ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಮಾವನ ಕೈಯನ್ನು ಬಿಟ್ಟರೆ ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಆದರೆ ಅವತ್ತಿನಿಂದ ಅಪ್ಪನಿಗೆ ಅದೊಂದು ತಮಾಷೆಯಾಯಿತು. ಮಾವ ಬಾಗಿಲಿಗೆ ಬಂದರೆ "ಬಂದರು ನೋಡಮ್ಮಾ ಕೈ ಕಲಾವಿದರು" ಅನ್ನುವುದು, ಅನ್ನ ಕಲಸುವಾಗ "ಕ್ಯಾಮೆರಾ ಈ ಕಡೆ ಇದೆ ಕಣಯ್ಯ" ಅನ್ನುವುದು. ಮಾವ ನಕ್ಕು ಸುಮ್ಮನಾಗುತ್ತಿದ್ದ. ಅವನ ನಗು ಪ್ರತಿ ಸಲಕ್ಕೂ ಒಂದಿಷ್ಟು ಚಿಕ್ಕದಾಗುತ್ತಿತ್ತು ಎಂದು ಈಗ ನೆನಪಿಸಿಕೊಂಡರೆ ಹೊಳೆಯುತ್ತದೆ. ಪರದೆಯ ಮೇಲಿನ ಕೊಂಬಿನ ಬಾಗನ್ನು ಗುರುತಿಸುತ್ತಿದ್ದ ನಾವು ಎದುರಿಗೆ ಕೂತವನ ಮುಖವನ್ನು ನೋಡಲಿಲ್ಲ.

ಹೀಗಿರುವಾಗ ಒಂದು ವಾರ ಟಿವಿಯಲ್ಲಿ ಆ ಸಿನಿಮಾದ ಜಾಹೀರಾತು ಬಂತು, ಭಾನುವಾರ ಮಧ್ಯಾಹ್ನ ಎಂದು. ಮಾವ ಒಬ್ಬನೇ ಬರಲಿಲ್ಲ. ಆಗ ಅವನ ಮಗಳಿಗೆ ಕೆಂಚಾರ್ಲಹಳ್ಳಿಯಲ್ಲಿ ಗಂಡು ಗೊತ್ತಾಗಿತ್ತು. ಆ ಬೀಗರನ್ನು, ಅವರ ಅಣ್ಣತಮ್ಮಂದಿರನ್ನು, ತನ್ನ ಹೆಂಡತಿ ನಮ್ಮತ್ತೆಯನ್ನು, ಎಲ್ಲರನ್ನೂ ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ನಮ್ಮ ಮನೆಯ ಹಜಾರದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಮ್ಮ ಒಳಗೂ ಹೊರಗೂ ಓಡಾಡುತ್ತ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು.

ಒಂದು ಗಂಟೆ ಕಾದ ಮೇಲೆ ರೈಲು ಬಂತು. ನಂದಿ ಸ್ಟೇಷನ್ ಬಂತು. ಹಿಂದೆ ಬೆಟ್ಟ. ಮಾವ ಎದ್ದು ನಿಂತ. "ಈಗ, ಈಗ! ಅದೋ, ನಾ ಚೆಯ್ಯೇ ಬಾವಾ!" ನನ್ನ ಕೈಯೇ ಭಾವ, ಎಂದು ಅವನು ಕೂಗುವಷ್ಟರಲ್ಲಿ ಕಿಟಕಿಗೆ ಒಂದು ಕೈ ಬಂತು, ದ್ರಾಕ್ಷಿ ಕೊಟ್ಟಿತು, ಹೋಯಿತು. ಕಣ್ಣು ಮಿಟುಕಿಸಿದವರಿಗೆ ಅದೂ ಇಲ್ಲ.

ಅಪ್ಪ ನಿಧಾನವಾಗಿ ಅಂದರು, "ಆ ಕೈಗೆ ವಾಚಿತ್ತು."

ಬೀಗರೆಲ್ಲ ಅಪ್ಪನ ಕಡೆ ತಿರುಗಿದರು.

"ಚರ್ಮದ ಪಟ್ಟಿಯ ವಾಚು. ನಾನು ಕಣ್ಣಾರೆ ಕಂಡೆ. ನಾರಾಯಣಪ್ಪ, ನೀನು ಮೊದಲ ವಾಚು ಕಟ್ಟಿದ್ದು ನಿನ್ನ ಮದುವೇಲಿ, ನಾನು ಕೊಟ್ಟಿದ್ದು. ಕುಕ್ಕೆ ಹೊತ್ತುಕೊಂಡು ಹೋದೋನಿಗೆ ವಾಚು ಎಲ್ಲಿಂದ ಬಂತಯ್ಯಾ? ಇನ್ನು ಯಾವ್ಯಾವ ಸಿನಿಮಾದಲ್ಲಿ ಯಾರ್ಯಾರ ಕೈ ನಿಂದು?"

ಮೊದಲು ಬೀಗರಲ್ಲಿ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ನಾನೂ ನಕ್ಕೆ. ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ನೋಡುವ ಸೌಲಭ್ಯ ನಮ್ಮ ಮನೆಯಲ್ಲಿರಲಿಲ್ಲ. ರೈಲು ಆಗಲೇ ನಂದಿ ಬಿಟ್ಟು ಬೇರೆಲ್ಲೋ ಹಾಡು ಹೇಳುತ್ತಿತ್ತು. ಮಾವ ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು "ಹುಳಕ್ಕೆ ಸೊಪ್ಪು ಹಾಕ್ಬೇಕು, ಬರ್ತೀನಿ" ಅಂದ. ಯಾರನ್ನೂ ನೋಡಿ ಅನ್ನಲಿಲ್ಲ, ಬಾಗಿಲಿಗೆ ಅಂದ.

ಅಲ್ಲಿಂದ ಮುಂದೆ ಅವನು ನಮ್ಮ ಮನೆಗೆ ಬರಲಿಲ್ಲ.

ಇದನ್ನು ಓದಿ ನಿಮಗೆ ನಗು ಬರಬಹುದು. ಒಂದು ಕೈ, ಒಂದು ವಾಚು, ಎರಡು ಕ್ಷಣದ ದೃಶ್ಯ. ಅದಕ್ಕಾಗಿ ಅಕ್ಕನ ಮನೆ ಬಿಡುವುದೇ? ನಾವೂ ಹಾಗೇ ಅಂದುಕೊಂಡೆವು. ಮುಂದಿನ ವಾರ ಬರ್ತಾನೆ ಅಂದುಕೊಂಡೆವು. ಗೂಡು ತಂದು ಮಾರ್ಕೆಟ್ಟಿನಲ್ಲಿ ಹಾಕಿ, ನಮ್ಮ ಬೀದಿಯ ತುದಿಯಲ್ಲೇ ಬಸ್ಸು ಹತ್ತಿ ಹೋದನಂತೆ. ಮಗಳ ಮದುವೆಯ ಲಗ್ನಪತ್ರಿಕೆ ಬೇರೆಯವರ ಕೈಲಿ ಬಂತು. ಅಮ್ಮ ಆದರೂ ಹೋದಳು, ಸೋದರತ್ತೆಯಲ್ಲವೇ. ಅವಳಿಗೆ ಮಾವ ಆಡಿದ ಮಾತು ಒಂದೇ: "ಊಟ ಮಾಡ್ಕೊಂಡು ಹೋಗಿ." ಯಾವತ್ತೂ 'ನೀನು' ಅನ್ನುತ್ತಿದ್ದ ತಮ್ಮ 'ಹೋಗಿ' ಅಂದನಲ್ಲ ಎಂದು ಅಮ್ಮ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದಳು.

ಅಪ್ಪನದು ಹಟ. "ಕಂಡದ್ದನ್ನ ಕಂಡಿಲ್ಲ ಅನ್ನಲಾ?"

"ಕಣ್ಮುಂದೆ ಇರೋ ಉಪ್ಪಿನ ಡಬ್ಬಿ ನಿಮಗೆ ಕಾಣಲ್ಲ. ಅರೆಗಳಿಗೆ ಬಂದು ಹೋದ ವಾಚು ಕಂಡುಬಿಡ್ತು!" ಅಂದಳು ಅಮ್ಮ. ಅವತ್ತು ಟಿವಿಯ ಮೇಲೆ ಒಂದು ದೊಡ್ಡ ಟವಲು ಹೊದಿಸಿದಳು. ಭಾನುವಾರಗಳಲ್ಲಿ ಅದನ್ನು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಅದರ ಎದುರು ಕೂತು ಪೇಪರು ಓದುತ್ತಿದ್ದರು. ಒಮ್ಮೊಮ್ಮೆ ಪೇಪರಿನಿಂದ ತಲೆಯೆತ್ತಿ, ಏನೋ ಹೇಳಲು ಪಕ್ಕಕ್ಕೆ ತಿರುಗಿ, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮತ್ತೆ ಓದುತ್ತಿದ್ದರು. ತಪ್ಪು ಹುಡುಕುವುದರಲ್ಲಿ ಸುಖ ಇರುವುದು ಅದನ್ನು ಅಲ್ಲಗಳೆಯುವವನೊಬ್ಬ ಪಕ್ಕದಲ್ಲಿದ್ದಾಗ ಮಾತ್ರ. ಇದು ಅಪ್ಪನಿಗೆ ಗೊತ್ತಾಯಿತು; ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ವರ್ಷಗಳು ಕಳೆದವು. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ್ದಾಯಿತು. ಅಪ್ಪ ರಿಟೈರ್ ಆದರು. ಅಷ್ಟರಲ್ಲಿ ಕಾಲ ಬದಲಾಗಿ, ಹಳೆಯ ಸಿನಿಮಾಗಳೆಲ್ಲ ಮೊಬೈಲಿಗೆ ಬಂದು ಕೂತವು. ಒಂದು ಬೇಸಿಗೆ ರಜದಲ್ಲಿ ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಕಾಲು ಉಳುಕಿಸಿಕೊಂಡು ನಾಲ್ಕು ದಿನ ಮಂಚದ ಮೇಲಿದ್ದೆ. ಹೊತ್ತು ಹೋಗದೆ, ಸುಮ್ಮನೆ ಆ ಸಿನಿಮಾದ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಇತ್ತು! ಯಾರೋ ಪುಣ್ಯಾತ್ಮರು ಹಾಕಿದ್ದರು. ನನಗಿಂತ ಮೊದಲು ಅದನ್ನು ನೋಡಿದವರು ಬೆರಳೆಣಿಕೆಯಷ್ಟು ಜನ.

ರೈಲು ಬರುವ ಜಾಗಕ್ಕೆ ಓಡಿಸಿದೆ. ಕಿಟಕಿ, ನಾಯಕಿ, ಕೈ. ತಟ್ಟನೆ ನಿಲ್ಲಿಸಿದೆ. ವಾಚಿತ್ತು. ಚರ್ಮದ ಪಟ್ಟಿ, ಅಪ್ಪ ಹೇಳಿದ ಹಾಗೆಯೇ. ಅಪ್ಪ ಗೆದ್ದಿದ್ದರು. ನನಗೆ ಯಾಕೋ ಅಳು ಬಂದ ಹಾಗಾಯಿತು. ಇಷ್ಟು ವರ್ಷ ಒಳಗೊಳಗೆ ಮಾವನೇ ಗೆಲ್ಲಲಿ ಎಂದು ಬಯಸುತ್ತಿದ್ದೆ ಅನ್ನುವುದು ಆಗಲೇ ನನಗೆ ಗೊತ್ತಾದದ್ದು.

ಹಾಗೇ ಬೆರಳಿನಿಂದ ಒಂಚೂರು ಹಿಂದಕ್ಕೆ ಎಳೆದೆ. ಇನ್ನೂ ಒಂಚೂರು. ಆಗ ಕಂಡಿತು. ಅಲ್ಲಿ ಇದ್ದದ್ದು ಒಂದು ದೃಶ್ಯವಲ್ಲ, ಎರಡು. ಮೊದಲನೆಯದು ಹೊರಗಿನಿಂದ ತೆಗೆದದ್ದು: ಹಿಂದೆ ಬೆಟ್ಟ, ಕೆಳಗಿನಿಂದ ಒಂದು ಕೈ ಗೊಂಚಲು ಎತ್ತುತ್ತದೆ. ಮಣಿಕಟ್ಟು ಖಾಲಿ. ಎರಡನೆಯದು ರೈಲು ಡಬ್ಬಿಯ ಒಳಗಿನಿಂದ ತೆಗೆದದ್ದು: ನಾಯಕಿ ಗೊಂಚಲು ಇಸಕೊಳ್ಳುತ್ತಾಳೆ, ಕೊಡುವ ಕೈಗೆ ವಾಚು. ಎರಡನೆಯದನ್ನು ಆಮೇಲೆ ಯಾವಾಗಲೋ ಸ್ಟುಡಿಯೋದಲ್ಲಿ ತೆಗೆದು ಅಂಟಿಸಿದ್ದರು. ಎರಡು ಕೈ! ಲೋಕದ ಸಿನಿಮಾಗಳ ತಪ್ಪನ್ನೆಲ್ಲ ಹಿಡಿದ ಇಬ್ಬರು ಪಂಡಿತರು, ತಮ್ಮ ಮನೆಯ ಸಿನಿಮಾದ ತಪ್ಪನ್ನು ಹಿಡಿಯದೆ ಜಗಳವಾಡಿ ಕೂತಿದ್ದರು.

"ಅಪ್ಪಾ! ಅಮ್ಮಾ!" ಎಂದು ಕೂಗಿದೆ. ನನ್ನ ಕಾಲು ಮುರಿದೇ ಹೋಯಿತೆಂದು ಇಬ್ಬರೂ ಓಡಿ ಬಂದರು. ತೋರಿಸಿದೆ. ಅಪ್ಪ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಸರಿ, ಎರಡು ಕೈ. ಮೊದಲನೇದು ಇವನದೇ ಅನ್ನೋಕೆ ಏನು ಆಧಾರ?" ಅಂದರು. ಆದರೆ ದನಿ ಮೊದಲಿನದಲ್ಲ.

ಅಮ್ಮ ಮೊಬೈಲನ್ನು ಕೈಯಿಂದ ಕಿತ್ತುಕೊಂಡಳು. ಅವಳು ಸಿನಿಮಾವನ್ನು ಇಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ. "ದೊಡ್ಡದು ಮಾಡೇ" ಅಂದಳು. ಬೆರಳಿನಿಂದ ಹಿಗ್ಗಿಸಿದೆ. "ಇನ್ನೂ." ಇನ್ನೂ ಹಿಗ್ಗಿಸಿದೆ.

"ಇದು ನಾರಾಯಣನ ಕೈ ಕಣ್ರೀ" ಅಂದಳು. "ಹೆಬ್ಬೆರಳಿನ ಉಗುರು ನೋಡಿ, ನಡುವೆ ಸೀಳಿದೆ. ಒರಳಿನ ಗುಂಡು ಜಾರಿ ಅವನ ಬೆರಳ ಮೇಲೆ ಬಿತ್ತು, ಬಿಟ್ಟೋಳು ನಾನು. ಆಗ ಅವನಿಗೆ ಐದು ವರ್ಷ. ಹಳೇ ಬಟ್ಟೆ ಸುತ್ತಿ ಅರಿಶಿನ ಕಟ್ಟಿದೋಳೂ ನಾನೇ. ನನಗೆ ಆಧಾರ ಕೇಳ್ತೀರಾ?"

ಅಪ್ಪ ಮಂಚದ ತುದಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸುತ್ತ, "ದಿಬ್ಬೂರಹಳ್ಳಿ ಬಸ್ಸು ಎಷ್ಟು ಹೊತ್ತಿಗೆ?" ಅಂದರು.

ಮರುದಿನ ಬೆಳಿಗ್ಗೆ ಹೊರಟೆವು. ಅಮ್ಮ ಒಬ್ಬಟ್ಟು ಮಾಡಿ ಡಬ್ಬಿಗೆ ತುಂಬಿದಳು. ನಾನು ಕುಂಟುತ್ತ ಹೋದೆ. ಅಪ್ಪ ಮದುವೆಗೆ ಹೊರಟವರ ಹಾಗೆ ಮುಖಕ್ಕೆ, ಕುತ್ತಿಗೆಗೆ ಪೌಡರು ಬಳಿದುಕೊಂಡಿದ್ದರು. ಅದೇ ಎಡವಟ್ಟಾಯಿತು. ಮಾವನ ಮನೆಗೆ ಹೋದರೆ, ಅತ್ತೆ ನಮ್ಮನ್ನು ನೋಡಿ ಗಾಬರಿಯಾಗಿ, "ಹುಳದ ಮನೇಲವ್ರೆ" ಎಂದು ಹಿತ್ತಲಿಗೆ ಕೈ ತೋರಿಸಿದರು. ಅಪ್ಪ ಆ ಕೊಠಡಿಯ ಬಾಗಿಲಿಗೆ ಹೋಗಿ ನಿಂತರು. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

"ನಾರಾಯಣಪ್ಪಾ!"

"ಯಾರು?"

"ನಾನು ಕಣಯ್ಯ."

ಒಳಗೆ ಸೊಪ್ಪಿನ ಕುಕ್ಕೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಏನ್ ಭಾವ ಇಷ್ಟು ದೂರ?"

"ಒಳಗೆ ಬರ್ಲಾ?"

"ಪೌಡರ್ ಹಾಕಿದ್ದೀರಾ?"

ಅಪ್ಪ ಕುತ್ತಿಗೆ ಮುಟ್ಟಿಕೊಂಡರು. "ಸ್ವಲ್ಪ."

"ಹಂಗಾದ್ರೆ ಬ್ಯಾಡಿ. ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ, ವಾಸನೆ ಆಗಲ್ಲ. ಅಲ್ಲಿಂದ್ಲೇ ಹೇಳಿ."

ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿಗೆ ಬಿಡುವಿಲ್ಲದೆ ಸೊಪ್ಪು ಬೇಕು, ಘಮಲು ಒಂದಿಷ್ಟೂ ತಾಕಬಾರದು. ಹೀಗಾಗಿ ನಮ್ಮಪ್ಪ ತಮ್ಮ ಜೀವಮಾನದಲ್ಲಿ ಮೊದಲ ಸಲ ತಪ್ಪೊಪ್ಪಿಕೊಂಡದ್ದು ಬಾಗಿಲಿನ ಜಾಲರಿಯ ಆಚೆ ನಿಂತು, ನಾಲ್ಕು ಮನೆಗೆ ಕೇಳಿಸುವಷ್ಟು ಜೋರಾಗಿ.

"ಆ ಸಿನಿಮಾದಲ್ಲಿ ಎರಡು ಕೈ ಇದೆ ಕಣಯ್ಯಾ! ಮೊದಲನೇದು ನಿಂದು! ನಾನು ಎರಡನೇದನ್ನ ನೋಡಿ ಅಷ್ಟು ಜನದ ಮುಂದೆ ನಿನ್ನ ಸುಳ್ಳುಗಾರ ಮಾಡಿದೆ! ತಪ್ಪಾಯ್ತು!"

ಪಕ್ಕದ ಮನೆಯ ಇಬ್ಬರು ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಮಾವ ಹೊರಗೆ ಬರಲಿಲ್ಲ. ಇದ್ದ ತಟ್ಟೆಗೆಲ್ಲ ಸೊಪ್ಪು ಹಾಕಿ ಮುಗಿಸಿ, ಕೈ ಒರೆಸಿಕೊಂಡು ಆಮೇಲೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಕೈ ನಂದೇ ಅನ್ನೋದರಲ್ಲಿ ನಂಗೆ ಯಾವತ್ತು ಅನುಮಾನ ಇತ್ತು ಭಾವ? ನೀವು ಅಂದಿದ್ದೂ ದೊಡ್ಡದಲ್ಲ. ನೀವು ನನ್ನ ಯಾವ ಮಾತಿಗೆ ಒಪ್ಪಿದ್ರಿ? ಅದು ನಮ್ಮಿಬ್ಬರಿಗೂ ಅಭ್ಯಾಸ." ಆಮೇಲೆ ಅಮ್ಮನ ಕಡೆ ನೋಡದೆಯೇ ಅಂದ, "ಅಕ್ಕ ನಕ್ಕಳು."

ಅಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದು ನಿಂತಿದ್ದಳು. "ನಾನಾ?"

"ನೀನೇ. ಎಲ್ಲರ ಜೊತೆ ಸೇರ್ಕೊಂಡು. ಬೀಗರು ನಗಲಿ, ಅವರು ಹೊರಗಿನೋರು. ನೀನು ನನ್ನ ಕೈ ನೋಡಿ ನಕ್ಕೆ."

ಇಷ್ಟು ವರ್ಷ ಅಪ್ಪನನ್ನು ದೂರುತ್ತಿದ್ದ ಅಮ್ಮ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು. "ನಾನು ಆ ಹೊತ್ತಿಗೆ ಟಿವಿ ನೋಡ್ತಾನೇ ಇರ್ಲಿಲ್ಲ ಕಣೋ. ನಿನ್ನ ಬೀಗರಿಗೆ ಕಾಫಿ ಕೊಡ್ತಿದ್ದೆ. ಎಲ್ರೂ ನಕ್ಕರು, ನಾನೂ ನಕ್ಕೆ. ಯಾಕೆ ನಕ್ಕೆ ಅಂತ ನಂಗೇ ಗೊತ್ತಿರ್ಲಿಲ್ಲ. ನೋಡಿದ್ರೆ ಅವತ್ತೇ ಹೇಳ್ತಿದ್ದೆ. ನಿನ್ನೆ ನೋಡಿದ ತಕ್ಷಣ ಉಗುರು ನೋಡಿ ಹಿಡಿದೆ. ಬೇಕಾದ್ರೆ ಇವಳನ್ನ ಕೇಳು."

ಮಾವ ನನ್ನ ಕಡೆ ನೋಡಿದ. "ಹೌದು ಮಾವ," ಅಂದೆ. "ಅಪ್ಪ ಆಧಾರ ಕೇಳಿದ್ದಕ್ಕೆ ಬೈಸಿಕೊಂಡರು."

ಅವನು ಒಬ್ಬಟ್ಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅಮ್ಮನ ಪಕ್ಕ ಕಟ್ಟೆಯ ಮೇಲೆ ಕೂತು, "ತೋರಿಸಮ್ಮ" ಅಂದ.

ನಿಲ್ಲಿಸಿ ತೋರಿಸಿದೆ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸೊಪ್ಪಿನ ಕರೆ ಹತ್ತಿ ಕಪ್ಪಾಗಿದ್ದ ಒರಟು ಬೆರಳುಗಳ ನಡುವೆ, ಪರದೆಯ ಮೇಲೆ, ಮೀಸೆ ಮೂಡದ ವಯಸ್ಸಿನ ಅವನ ಕೈ. "ಎಷ್ಟು ನುಣ್ಣಗಿತ್ತಕ್ಕಾ!" ಅಂದ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಪೌಡರಿನ ಭಯಕ್ಕೆ ಇನ್ನೂ ಅಂಗಳದ ನಡುವೆಯೇ ನಿಂತಿದ್ದರು.

"ಮುಂದಿನದು ಬಿಡು" ಅಂದ ಮಾವ. ಎರಡನೆಯ ಕೈ ಬಂತು, ವಾಚಿನದು. ಅದನ್ನೇ ದಿಟ್ಟಿಸಿದ. ಅವನ ಹುಬ್ಬು ಗಂಟಿಕ್ಕಿತು. ಮತ್ತೆ ಬೇಜಾರಾಯಿತೇನೋ ಎಂದು ನಾನು ಹೆದರಿದೆ.

"ಹಿಂದಕ್ಕೆ ಬಿಡು. ಹಾಂ. ಈಗ ಮುಂದಕ್ಕೆ." ಅವನು ತಟ್ಟನೆ ಎದ್ದ. "ಭಾವಾ! ಬನ್ನಿ ಇಲ್ಲಿ! ವಾಚು ಹಾಳಾಗಿ ಹೋಗ್ಲಿ, ದ್ರಾಕ್ಷಿ ನೋಡಿದ್ರಾ? ನಾನು ಕೊಟ್ಟಿದ್ದು ನಮ್ಮ ನಂದಿ ಕಪ್ಪು ದ್ರಾಕ್ಷಿ. ಅವಳು ಇಸ್ಕೊಂಡಿದ್ದು ಹಸಿರು ದ್ರಾಕ್ಷಿ!"

ಅಪ್ಪ ಓಡಿ ಬಂದರು. ನಿಜ! ನಾವು ಮೂವರೂ ಹಿಂದಿನ ದಿನ ಹತ್ತು ಸಲ ನೋಡಿದ್ದೆವು. ಮಣಿಕಟ್ಟು, ಉಗುರುಗಳ ಮೇಲೆಯೇ ಕಣ್ಣಿಟ್ಟು, ಇಡೀ ಗೊಂಚಲಿನ ಬಣ್ಣ ಬದಲಾದದ್ದನ್ನು ಕಂಡಿರಲಿಲ್ಲ. "ಹೌದಲ್ಲೋ!" ಅಂದರು ಅಪ್ಪ. ಆಮೇಲೆ ಇನ್ನೂ ಜೋರಾಗಿ "ಹೌದಲ್ಲೋ ನಾರಾಯಣಪ್ಪ!" ಎಂದು ಅವನ ಬೆನ್ನಿಗೆ ಗುದ್ದಿದರು. ಅಪ್ಪ ಮಾವನ ಮಾತನ್ನು ಸಾಧನೆ ಕೇಳದೆ ಒಪ್ಪಿದ್ದು ಅದೇ ಮೊದಲು. ಮಾವ ಬೆನ್ನು ಸವರಿಕೊಳ್ಳುತ್ತ, "ಪೌಡರ್ ವಾಸನೆ ಭಾವ, ದೂರ ನಿಲ್ಲಿ" ಅಂದ. ಆದರೆ ಅವನೇ ದೂರ ಸರಿಯಲಿಲ್ಲ.

ಅವತ್ತು ಒಬ್ಬಟ್ಟು ತಿಂದು, ಸಂಜೆಯ ಬಸ್ಸಿಗೆ ಹೊರಟೆವು. ಬಸ್ಸಿನವರೆಗೂ ಬಂದು ಮಾವ ಕಿಟಕಿಯ ಕೆಳಗೆ ನಿಂತಿದ್ದ. ಅಮ್ಮ ಕೇಳಿದಳು, "ಭಾನುವಾರ ಬರ್ತೀಯಾ?"

"ಟಿವಿ ಮೇಲಿನ ಟವಲ್ ತೆಗೆದಿದ್ರೆ ಬರ್ತೀನಿ" ಅಂದ. ಆ ಟವಲಿನ ಸುದ್ದಿ ಅವನವರೆಗೆ ಹೇಗೆ ಹೋಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅದಾಗಿ ಈಗ ಎಷ್ಟೋ ಭಾನುವಾರಗಳು ಕಳೆದಿವೆ. ಮಾವನ ಹುಳದ ಮನೆಯನ್ನು ಅವನ ಮಗ ನೋಡಿಕೊಳ್ಳುತ್ತಾನೆ. ಅಪ್ಪನಿಗೆ ಕಿವಿ ಮಂದ, ಮಾವನಿಗೆ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಕೇಳಿ ಹೇಳುವುದು. ಇಬ್ಬರೂ ಸೇರಿದರೆ ಒಂದು ಸಿನಿಮಾ ಪೂರ್ತಿಯಾಗುತ್ತದೆ.

ಮೊನ್ನೆ ರಿಪೇರಿಯಾದ ಕನ್ನಡಕ ಇಸಕೊಂಡು ನಾನು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಮನೆಗೆ ಹೋದರೆ ಬಾಗಿಲಿಗೇ ಗಲಾಟೆ ಕೇಳಿಸಿತು. ಹಿಂದಿನ ದಿನ ನೋಡಿದ ಯಾವುದೋ ಸಿನಿಮಾದಲ್ಲಿ ನಾಯಕಿ ಎತ್ತಿಕೊಂಡು ಹಾಡುವ ಮೇಕೆಮರಿಯ ಕೊರಳಲ್ಲಿ ಗಂಟೆ ಒಂದಿತ್ತೋ ಎರಡಿತ್ತೋ ಎಂದು ವಾದ.

"ಒಂದೇ. ನಾನು ಎಣಿಸಿದ್ದೀನಿ" ಅಂದರು ಅಪ್ಪ.

"ಕಾದು ಭಾವಾ. ಎರಡರ ಸದ್ದು ಬರ್ತಿತ್ತು."

"ಸದ್ದು ಆಮೇಲೆ ಸೇರಿಸ್ತಾರೆ ಕಣಯ್ಯ!"

ಅಮ್ಮ ಒಳಗಿನಿಂದ, "ಬಂದ್ಯಾ? ಅದೇನು ಅಂತ ಒಂದು ತೀರ್ಮಾನ ಮಾಡೇ ತಾಯಿ, ಬೆಳಿಗ್ಗೆಯಿಂದ ನನ್ನ ತಲೆ ತಿಂತಾವ್ರೆ" ಅಂದಳು. ಇಬ್ಬರೂ ನನ್ನ ಕಡೆ ತಿರುಗಿದರು. "ಮೊಬೈಲಲ್ಲಿ ನೋಡಮ್ಮ, ಎರಡು ನಿಮಿಷದ ಕೆಲಸ" ಅಂದರು ಅಪ್ಪ.

ಎರಡು ನಿಮಿಷವೂ ಬೇಡ. ಕೈಚೀಲದಲ್ಲೇ ಇತ್ತು. ಹೊರಗೆ ಬಿಸಿಲು, ಒಳಗೆ ಸಾರಿನ ಘಮ, ಊಟಕ್ಕೆ ಇನ್ನೂ ಒಂದು ಗಂಟೆ ಇತ್ತು.

"ಚಾರ್ಜ್ ಇಲ್ಲಪ್ಪ" ಅಂದೆ. ಮುಕ್ಕಾಲು ಪಾಲು ಇತ್ತು. ಚಾಪೆಯ ಮೇಲೆ ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತೆ. "ಆ ಹಾಡು ನಾನೂ ನೋಡಿದ್ದೀನಿ. ಗಂಟೆ ವಿಷಯ ಆಮೇಲೆ. ನನಗೇನೋ ಅದು ಮೇಕೆಮರಿ ಅಲ್ಲ, ಕುರಿಮರಿ ಅಂತ ಕಾಣುತ್ತೆ."

"ಕುರೀನಾ!" ಎಂದು ಇಬ್ಬರೂ ಒಟ್ಟಿಗೇ ಕೂಗಿ, ಒಬ್ಬರು ಬಲಗಡೆಯಿಂದ, ಇನ್ನೊಬ್ಬರು ಎಡಗಡೆಯಿಂದ, ನನ್ನ ಮೇಲೆ ಬಿದ್ದರು.